ಲೇಸರ್ ಕಣ್ಣು ಕೊಡಲ್ಲ, ಇರೋ ಕಣ್ಣು ಉಳಿಸುತ್ತೆ: ಹರಿಹರದ ನಮ್ಮ ದೊಡ್ಡಪ್ಪನ ಎರಡು ಕಣ್ಣುಗಳ ಲೆಕ್ಕ

ನಮ್ಮ ದೊಡ್ಡಪ್ಪ ಹರಿಹರದಲ್ಲಿದ್ದಾರೆ, ವಯಸ್ಸು 71. ಮೂವತ್ತು ವರ್ಷ ಲೇತ್ ಮುಂದೆ ನಿಂತವರು. ಮೈಕ್ರೋಮೀಟರಿನ ಗೆರೆ ಓದಿ ಕೂದಲೆಳೆಗಿಂತ ಸಣ್ಣ ವ್ಯತ್ಯಾಸ ಹಿಡಿಯುತ್ತಿದ್ದರು. ಇವತ್ತು ಅವರ ಬಲಗಣ್ಣು ಕನ್ನಡಕ ಹಾಕಿಕೊಂಡು ಪೇಪರ್ ಓದುತ್ತೆ. ಎಡಗಣ್ಣಿಗೆ, ಮುಖದ ಮುಂದೆ ಕೈ ಆಡಿಸಿದರೆ ಏನೋ ಅಲ್ಲಾಡಿತು ಅನ್ನೋದಷ್ಟೇ ಗೊತ್ತಾಗುತ್ತೆ.

ಎರಡೂ ಒಂದೇ ಮೈಯ ಕಣ್ಣುಗಳು. ಅದೇ ಸಕ್ಕರೆ ಕಾಯಿಲೆ, ಅದೇ ಬಿಪಿ, ಸಂಜೆಗೆ ಅದೇ ಮಂಡಕ್ಕಿ-ಮೆಣಸಿನಕಾಯಿ. 2013ರಲ್ಲಿ ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ಎರಡೂ ಕಣ್ಣಿಗೆ ಲೇಸರ್ ಆಗಬೇಕು ಅಂತ ಬರೆದುಕೊಟ್ಟರು. ಬಲಗಣ್ಣಿಗೆ ಆಯಿತು. ಎಡಗಣ್ಣಿಗೆ ಮುಂದಿನ ತಿಂಗಳು ಬನ್ನಿ ಅಂದರು. ದೊಡ್ಡಪ್ಪ ಹೋಗಲಿಲ್ಲ.

ಯಾಕೆ ಅಂತ ಮೊನ್ನೆ ಕೇಳಿದೆ. "ಕಣ್ಣು ಸರಿ ಮಾಡ್ತಾರೆ ಅಂತ ಹೋದ್ರೆ ಸುಟ್ಟು ಕಳಿಸಿದ್ರಪ್ಪ. ಹೋಗೋವಾಗ ಬಸ್ಸಿನ ಬೋರ್ಡು ಓದಿ ಹತ್ತಿದ್ದೆ. ವಾರ ಕಳೆದ್ರೂ ಮಬ್ಬು ಮಬ್ಬು. ಒಂದು ಹಾಳು ಮಾಡಿಸ್ಕೊಂಡಿದ್ದು ಸಾಕು ಅಂತ ಸುಮ್ಮನಾದೆ."

2017ರಲ್ಲಿ ಒಂದು ದಿನ ಬೆಳಗ್ಗೆ ಎದ್ದಾಗ ಎಡಗಣ್ಣೊಳಗೆ ಮಸಿ ಚೆಲ್ಲಿದಂಗಾಗಿತ್ತಂತೆ. ಅದು ರಕ್ತಸ್ರಾವ. ಆಮೇಲೆ ರೆಟಿನಾ ಕಿತ್ತು ಬಂತು, ಆಪರೇಷನ್ ಆಯಿತು, ದೃಷ್ಟಿ ವಾಪಸ್ ಬರಲಿಲ್ಲ. ಅವರು 'ಹಾಳು ಮಾಡಿಸಿಕೊಂಡ' ಕಣ್ಣೇ ಈಗ ಮನೆ ನಡೆಸುತ್ತಿದೆ.

ಒಬ್ಬರ ಕಥೆಯಿಂದ ಯಾವ ಚಿಕಿತ್ಸೆಯೂ ಸಾಬೀತಾಗಲ್ಲ, ಅದು ಗೊತ್ತು. ಆದರೆ "ಲೇಸರ್ ಮಾಡಿಸಿದ ಮೇಲೆ ಕಣ್ಣು ಇನ್ನೂ ಮಂಜಾಯ್ತು" ಅನ್ನೋ ಮಾತನ್ನು ದೊಡ್ಡಪ್ಪ ಒಬ್ಬರಿಂದಲೇ ನಾನು ಕೇಳಿದ್ದಲ್ಲ. ದಾವಣಗೆರೆಯ ಯಾವ ಕಣ್ಣಿನ ಆಸ್ಪತ್ರೆಯ ಬೆಂಚಿನ ಮೇಲೆ ಅರ್ಧ ಗಂಟೆ ಕೂತರೂ ಕೇಳಿಸುತ್ತೆ. ಬೇಜಾರಿನ ಸಂಗತಿ ಅಂದರೆ, ಮೊದಲ ವಾರದ ಮಟ್ಟಿಗೆ ಆ ಮಾತು ಸುಳ್ಳಲ್ಲ. ಹತ್ತನೇ ವರ್ಷದ ಮಟ್ಟಿಗೆ ಪೂರ್ತಿ ಸುಳ್ಳು. ಈ ಎರಡರ ನಡುವೆ ಏನಾಗುತ್ತೆ ಅನ್ನೋದನ್ನು ದೊಡ್ಡಪ್ಪನಿಗೆ ಯಾರೂ ಕೂತು ಹೇಳಲಿಲ್ಲ. ಫೈಲಿನಲ್ಲಿ ಇಂಗ್ಲಿಷಿನಲ್ಲಿ ಬರೆದು ಕಳಿಸಿದ್ದರು ಅಷ್ಟೇ.

ಕಣ್ಣೊಳಗಿನ ಲೋಡ್ ಶೆಡ್ಡಿಂಗ್

ರೆಟಿನಾ ಅಂದರೆ ಕಣ್ಣಿನ ಹಿಂಗೋಡೆಗೆ ಅಂಟಿಕೊಂಡಿರುವ ತೆಳ್ಳನೆಯ ನರಪದರ. ಬೆಳಕನ್ನು ಹಿಡಿದು ಮೆದುಳಿಗೆ ಕಳಿಸುವುದು ಇದೇ. ಇದರ ನಡುವಿನ ಪುಟ್ಟ ಜಾಗ, ಮ್ಯಾಕ್ಯುಲಾ, ಓದೋಕೆ ಮತ್ತು ಮುಖ ಗುರುತಿಸೋಕೆ ಬೇಕು. ಅಂಚಿನ ದೊಡ್ಡ ಜಾಗ ಪಕ್ಕದಿಂದ ಬರೋ ಬೈಕು ಕಾಣೋಕೆ, ಕತ್ತಲಲ್ಲಿ ನಡೆಯೋಕೆ ಬೇಕು.

ಈ ಪದರಕ್ಕೆ ಆಮ್ಲಜನಕದ ಹಸಿವು ವಿಪರೀತ. ವರ್ಷಗಟ್ಟಲೆ ಶುಗರ್ ಜಾಸ್ತಿ ಇದ್ದರೆ ಅಲ್ಲಿನ ಸಣ್ಣ ರಕ್ತನಾಳಗಳ ಗೋಡೆ ಹಾಳಾಗುತ್ತೆ. ಕೆಲವು ಸೋರುತ್ತವೆ, ಕೆಲವು ಮುಚ್ಚಿಕೊಳ್ಳುತ್ತವೆ. ಇದಕ್ಕೆ ಡಯಾಬಿಟಿಕ್ ರೆಟಿನೋಪತಿ ಅಂತ ಹೆಸರು. ಆಮ್ಲಜನಕ ಸಿಗದ ರೆಟಿನಾ ಸುಮ್ಮನೆ ಸಾಯಲ್ಲ, ಕೂಗುತ್ತೆ. ಆ ಕೂಗು ವಿಇಜಿಎಫ್ ಅನ್ನೋ ಪ್ರೋಟೀನು. 'ಹೊಸ ನಾಳ ಕಟ್ಟಿ' ಅನ್ನೋದು ಅದರ ಸಂದೇಶ. ಹೊಸ ನಾಳಗಳು ಹುಟ್ಟುತ್ತವೆ, ಆದರೆ ಕಳಪೆ ಕಾಮಗಾರಿ. ಟೆಂಡರ್ ಕರೆಯದೆ ರಾತ್ರೋರಾತ್ರಿ ಎಳೆದ ಪೈಪ್‌ಲೈನಿನ ಹಾಗೆ. ಒಡೆದರೆ ಕಣ್ಣೊಳಗೆ ರಕ್ತ ತುಂಬುತ್ತೆ. ಅವುಗಳ ಜೊತೆ ಬೆಳೆಯುವ ಗಾಯದ ಅಂಗಾಂಶ ಕುಗ್ಗಿದಾಗ ರೆಟಿನಾವನ್ನೇ ಗೋಡೆಯಿಂದ ಎಳೆದು ಕಿತ್ತುಬಿಡುತ್ತೆ. ದೊಡ್ಡಪ್ಪನ ಎಡಗಣ್ಣಿನಲ್ಲಿ ಆಗಿದ್ದು ಇದೇ.

ಇಲ್ಲಿ ಲೇಸರ್ ಏನು ಮಾಡುತ್ತೆ? ನಾನು ಎಲೆಕ್ಟ್ರಾನಿಕ್ಸ್ ಓದಿದವನು. ಹೊಸ ನಾಳಗಳನ್ನು ಒಂದೊಂದಾಗಿ ಹುಡುಕಿ ಬೆಸುಗೆ ಹಾಕ್ತಾರೆ ಅಂತಲೇ ಬಹಳ ದಿನ ಅಂದುಕೊಂಡಿದ್ದೆ. ಹಾಗಲ್ಲ. ಮ್ಯಾಕ್ಯುಲಾವನ್ನು ಬಿಟ್ಟು, ಅಂಚಿನ ರೆಟಿನಾದ ಮೇಲೆ ಹಸಿರು ಬೆಳಕಿನ (ಸಾಮಾನ್ಯವಾಗಿ 532 ನ್ಯಾನೋಮೀಟರ್) ಸಣ್ಣ ಸಣ್ಣ ಸುಟ್ಟ ಚುಕ್ಕೆಗಳನ್ನು ಹಾಕುತ್ತಾರೆ. ಹಳೆಯ ಪ್ರಮಾಣಿತ ಲೆಕ್ಕದಲ್ಲಿ ಒಂದು ಕಣ್ಣಿಗೆ 1200ರಿಂದ 1600 ಚುಕ್ಕೆ, ಒಂದೊಂದೂ ಸುಮಾರು ಅರ್ಧ ಮಿಲಿಮೀಟರ್ ಅಗಲ, ಒಂದೊಂದಕ್ಕೂ ಸೆಕೆಂಡಿನ ಹತ್ತನೇ ಒಂದು ಭಾಗ ಹೊತ್ತು. ರೆಟಿನಾದ ಕೆಳಗಿನ ಕಪ್ಪು ವರ್ಣದ್ರವ್ಯ ಬೆಳಕನ್ನು ಹೀರಿಕೊಂಡು ಬಿಸಿಯಾಗುತ್ತೆ, ಅದರ ಮೇಲಿನ ಬೆಳಕು ಹಿಡಿಯುವ ಕೋಶಗಳು ಸಾಯುತ್ತವೆ. ರೆಟಿನಾದಲ್ಲಿ ಅತಿ ಹೆಚ್ಚು ಆಮ್ಲಜನಕ ತಿನ್ನುವ ಕೋಶಗಳೇ ಅವು. ತಿನ್ನುವವರು ಕಡಿಮೆಯಾದರೆ ಉಳಿದವರಿಗೆ ಸಾಲುತ್ತೆ, ಕೂಗು ನಿಲ್ಲುತ್ತೆ, ಕಳಪೆ ನಾಳಗಳು ಮುದುಡುತ್ತವೆ.

ಇದನ್ನು ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಲೋಡ್ ಶೆಡ್ಡಿಂಗ್. ಗ್ರಿಡ್ ಪೂರ್ತಿ ಕುಸಿಯದಂತೆ ಹೊರವಲಯದ ಕೆಲವು ಫೀಡರ್‌ಗಳನ್ನು ಕತ್ತರಿಸಿ ನಡುವಿನ ಊರಿಗೆ ಕರೆಂಟ್ ಉಳಿಸುವುದು. ಕತ್ತಲಾದ ಫೀಡರ್‌ನ ಜನಕ್ಕೆ ಇದು ಅನ್ಯಾಯ ಅನಿಸೋದು ಸಹಜ. ದೊಡ್ಡಪ್ಪನ ಸಿಟ್ಟೂ ಅದೇ ಜಾತಿಯದ್ದು.

ಬೆಳಕಿನಿಂದ ರೆಟಿನಾ ಸುಡುವ ಈ ಐಡಿಯಾ ಬಂದಿದ್ದೂ ಒಂದು ಅವಘಡದಿಂದ. 1945ರ ಜುಲೈ 9ರ ಸೂರ್ಯಗ್ರಹಣವನ್ನು ಬರಿಗಣ್ಣಲ್ಲಿ ನೋಡಿ ರೆಟಿನಾ ಸುಟ್ಟುಕೊಂಡ ವೈದ್ಯಕೀಯ ವಿದ್ಯಾರ್ಥಿಯೊಬ್ಬನನ್ನು ಜರ್ಮನಿಯ ಗೆರ್ಡ್ ಮೇಯರ್-ಶ್ವಿಕೆರಾತ್ ಎಂಬ ಕಣ್ಣಿನ ಡಾಕ್ಟರ್ ಪರೀಕ್ಷಿಸಿದರು. ಬೆಳಕು ಇಷ್ಟು ಅಚ್ಚುಕಟ್ಟಾಗಿ ಗಾಯ ಮಾಡಬಹುದಾದರೆ, ಬೇಕಾದ ಕಡೆ ಬೇಕಾದಷ್ಟು ಗಾಯವನ್ನು ನಾವೇ ಯಾಕೆ ಮಾಡಬಾರದು ಅಂತ ಯೋಚಿಸಿದರು. ಮೊದಲು ಕನ್ನಡಿಗಳಿಂದ ಬಿಸಿಲನ್ನೇ ಆಸ್ಪತ್ರೆಯೊಳಗೆ ತಂದು ಪ್ರಯೋಗ ಮಾಡಿದರು, ಮೋಡ ಕವಿದ ದಿನ ಕೆಲಸ ಬಂದ್. ಆಮೇಲೆ ಕ್ಸೆನಾನ್ ದೀಪ ಬಂತು, 1960ರಲ್ಲಿ ಲೇಸರ್ ಹುಟ್ಟಿತು, ಆ ದಶಕದ ಕೊನೆಗೆ ಆರ್ಗಾನ್ ಲೇಸರ್ ಕಣ್ಣಿನ ಚಿಕಿತ್ಸೆಗೆ ಬಂತು.

ಒಂದು ಕಣ್ಣಿಗೆ ಮಾಡಿ, ಇನ್ನೊಂದನ್ನು ಬಿಟ್ಟ ಅಧ್ಯಯನ

ನನ್ನನ್ನು ತಡೆದು ನಿಲ್ಲಿಸಿದ್ದು ಮುಂದಿನ ಸಂಗತಿ. ಅಮೆರಿಕದಲ್ಲಿ 1970ರ ದಶಕದ ಆರಂಭದಲ್ಲಿ ಶುರುವಾದ ಡಯಾಬಿಟಿಕ್ ರೆಟಿನೋಪತಿ ಸ್ಟಡಿಯಲ್ಲಿ 1,700ಕ್ಕೂ ಹೆಚ್ಚು ರೋಗಿಗಳಿದ್ದರು. ಪ್ರತಿಯೊಬ್ಬರ ಒಂದು ಕಣ್ಣಿಗೆ ಬೆಳಕಿನ ಚಿಕಿತ್ಸೆ ಕೊಟ್ಟು, ಇನ್ನೊಂದನ್ನು ಹಾಗೇ ಬಿಟ್ಟರು. ಯಾವ ಕಣ್ಣು ಅನ್ನೋದು ಚೀಟಿ ಎತ್ತಿದ ಹಾಗೆ. ಅಂದರೆ ನಮ್ಮ ದೊಡ್ಡಪ್ಪ ಹರಿಹರದಲ್ಲಿ ಗೊತ್ತಿಲ್ಲದೆ ತಮ್ಮ ಮೇಲೇ ಮಾಡಿಕೊಂಡ ಪ್ರಯೋಗವನ್ನು, ಅವರಿಗಿಂತ ನಾಲ್ಕು ದಶಕ ಮೊದಲೇ ವಿಜ್ಞಾನಿಗಳು ಲೆಕ್ಕ ಇಟ್ಟು ಮಾಡಿ ಮುಗಿಸಿದ್ದರು.

ಎರಡು ವರ್ಷದಲ್ಲಿ, ಬಿಟ್ಟ ಕಣ್ಣುಗಳಲ್ಲಿ ನೂರಕ್ಕೆ ಸುಮಾರು 16 ತೀವ್ರವಾಗಿ ದೃಷ್ಟಿ ಕಳೆದುಕೊಂಡವು. ಚಿಕಿತ್ಸೆ ಆದ ಕಣ್ಣುಗಳಲ್ಲಿ ಸುಮಾರು 6. ವ್ಯತ್ಯಾಸ ಎಷ್ಟು ಸ್ಪಷ್ಟವಿತ್ತೆಂದರೆ 1976ರಲ್ಲಿ ಅಧ್ಯಯನದ ನಿಯಮವನ್ನೇ ಬದಲಿಸಿ, ಬಿಟ್ಟಿದ್ದ ಕಣ್ಣುಗಳಿಗೂ ಅಗತ್ಯ ಇದ್ದಲ್ಲಿ ಚಿಕಿತ್ಸೆ ಕೊಡಲು ಒಪ್ಪಿದರು. ಮುಂದಾಳತ್ವ ವಹಿಸಿದವರಿಗೆ ಸುಮ್ಮನೆ ನೋಡುತ್ತಾ ಕೂರುವುದು ನೈತಿಕವಾಗಿ ಸರಿಯೆನಿಸಲಿಲ್ಲ.

1980ರ ದಶಕದಲ್ಲಿ ಇಟಿಡಿಆರ್‌ಎಸ್ ಅನ್ನೋ ಇನ್ನೊಂದು ದೊಡ್ಡ ಅಧ್ಯಯನ ನಡೆಯಿತು, 3,711 ಜನ. ಕಾಯಿಲೆಯ ಸರಿಯಾದ ಹಂತದಲ್ಲಿ ಹಿಡಿದು, ಬಿಡದೆ ನೋಡಿಕೊಂಡರೆ, ಐದು ವರ್ಷದಲ್ಲಿ ತೀವ್ರವಾಗಿ ದೃಷ್ಟಿ ಹೋಗುವ ಪ್ರಮಾಣ ನೂರಕ್ಕೆ ನಾಲ್ಕಕ್ಕಿಂತ ಕೆಳಗೆ ಇಳಿಯಿತು.

ಐದು ವರ್ಷ ಸರಿ, ಆಮೇಲೆ? ಇದೇ ಅಧ್ಯಯನದ ಒಂದು ಕೇಂದ್ರವಾದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಲೇಸರ್ ಆದ ರೋಗಿಗಳನ್ನು 13ರಿಂದ 19 ವರ್ಷಗಳ ನಂತರ ಮತ್ತೆ ಹುಡುಕಿ ಕರೆದರು. ವರದಿ ಬಂದಿದ್ದು 2003ರಲ್ಲಿ. ಪರೀಕ್ಷೆಗೆ ಸಿಕ್ಕ 71 ಜನರಲ್ಲಿ ನೂರಕ್ಕೆ 84 ಜನರ ಉತ್ತಮ ಕಣ್ಣು 6/12 ಅಥವಾ ಅದಕ್ಕಿಂತ ಚೆನ್ನಾಗಿತ್ತು. ಅಂದರೆ ಕನ್ನಡಕದ ಜೊತೆ ಓದಿ ಬರೆದು ಬದುಕು ನಡೆಸುವಷ್ಟು. ನೂರಕ್ಕೆ 42 ಜನರಿಗೆ 6/6, ಪೂರ್ತಿ ದೃಷ್ಟಿ. ಹೆಚ್ಚುಕಡಿಮೆ ಐದರಲ್ಲಿ ಒಬ್ಬರಿಗೆ ಮೊದಲಿಗಿಂತ ಗಣನೀಯವಾಗಿ ಇಳಿದಿತ್ತು.

ಒಂದೇ ಸಲದ ಸುಟ್ಟ ಗಾಯಗಳು ಹದಿನೈದು ವರ್ಷ ದಾಟಿ ಕಾವಲು ಕಾದಿದ್ದವು ಅನ್ನೋದು ಖುಷಿಯ ವಿಷಯ. ಆದರೆ ಅದೇ ವರದಿಯ ಇನ್ನೊಂದು ಅಂಕಿ ನನ್ನನ್ನು ಇವತ್ತಿಗೂ ಕಾಡುತ್ತೆ. 1989ರಲ್ಲಿ ಮೂಲ ಅಧ್ಯಯನ ಮುಗಿದಾಗ ಆ ಕೇಂದ್ರದಲ್ಲಿ ಬದುಕಿದ್ದವರು 214 ಜನ, ಮರುಪರೀಕ್ಷೆ ಹೊತ್ತಿಗೆ ಅವರಲ್ಲಿ 130 ಮಂದಿ ತೀರಿಕೊಂಡಿದ್ದರು. ಕಣ್ಣು ಉಳಿದರೂ ಮನುಷ್ಯ ಉಳಿಯಲಿಲ್ಲ. ರೆಟಿನಾದ ನಾಳ ಈ ಮಟ್ಟಕ್ಕೆ ಹಾಳಾಗಿದೆ ಅಂದರೆ ಕಿಡ್ನಿಯ, ಹೃದಯದ ನಾಳಗಳೂ ಅದೇ ದಾರಿಯಲ್ಲಿವೆ ಅಂತಲೇ ಲೆಕ್ಕ. ಮೇಲಿನ ಚೆಂದದ ಅಂಕಿಗಳು ಬದುಕುಳಿದವರ ಅಂಕಿಗಳು ಅನ್ನೋದನ್ನೂ ಮರೆಯಬಾರದು.

ಬೆಲೆಯೂ ಇದೆ. ಅಂಚಿನ ನೋಟ ಕಡಿಮೆಯಾಗುತ್ತೆ, ರಾತ್ರಿ ಹೊತ್ತು ಕಷ್ಟ, ಬೆಳಕಿನಿಂದ ಕತ್ತಲಿಗೆ ಹೊಂದಿಕೊಳ್ಳೋಕೆ ಸಮಯ ಬೇಕು. ಕೆಲವರಿಗೆ ಮ್ಯಾಕ್ಯುಲಾ ತಾತ್ಕಾಲಿಕವಾಗಿ ಊದಿಕೊಂಡು ಓದುವ ದೃಷ್ಟಿಯೇ ಮಬ್ಬಾಗುತ್ತೆ, ದೊಡ್ಡಪ್ಪನಿಗೆ ಆಗಿದ್ದು ಬಹುಶಃ ಅದು. ದೊಡ್ಡಪ್ಪ ಇವತ್ತಿಗೂ ಕತ್ತಲಾದ ಮೇಲೆ ಹೊಳೆ ಕಡೆ ಹೋಗಲ್ಲ. ಈಗಿನ ಹೊಸ ಯಂತ್ರಗಳು ಸೆಕೆಂಡಿನ ಐವತ್ತನೇ ಒಂದು ಭಾಗದಷ್ಟು ಚಿಕ್ಕ ಮಿಡಿತದಲ್ಲಿ ಒಮ್ಮೆಗೆ ಹಲವು ಚುಕ್ಕೆ ಹಾಕುತ್ತವೆ, ನೋವು ಕಡಿಮೆ. ಆದರೆ ಕಳೆದ ದೃಷ್ಟಿ ತಂದುಕೊಡುವ ಲೇಸರ್ ಇನ್ನೂ ಬಂದಿಲ್ಲ.

ಇಂಜೆಕ್ಷನ್ ಇದೆಯಲ್ಲಾ ಸಾರ್?

ಇದೆ. ವಿಇಜಿಎಫ್ ಅನ್ನು ಕಟ್ಟಿಹಾಕುವ ಔಷಧಿಯನ್ನು ನೇರ ಕಣ್ಣೊಳಗೆ ಚುಚ್ಚುತ್ತಾರೆ. ಮ್ಯಾಕ್ಯುಲಾದ ನಡುಭಾಗವೇ ಊದಿಕೊಂಡಿದ್ದರೆ ಲೇಸರ್‌ಗಿಂತ ಇದೇ ಮೇಲು. ದೃಷ್ಟಿ ಸುಧಾರಿಸುವ ಸಾಧ್ಯತೆಯೂ ಇರುತ್ತೆ, ಲೇಸರ್‌ಗೆ ಆ ಶಕ್ತಿ ಕಡಿಮೆ. ಆ ವಿಚಾರದಲ್ಲಿ ವಾದ ಮುಗಿದಿದೆ.

ವಾದ ಇರೋದು ದೊಡ್ಡಪ್ಪನಂಥ, ಹೊಸ ನಾಳ ಹುಟ್ಟಿದ ಕಣ್ಣುಗಳ ಬಗ್ಗೆ. ಅಮೆರಿಕದ 'ಪ್ರೋಟೋಕಾಲ್ ಎಸ್' ಅಧ್ಯಯನ ಎರಡನ್ನೂ ಎದುರುಬದುರು ನಿಲ್ಲಿಸಿತು. ಐದು ವರ್ಷದ ಕೊನೆಗೆ (ವರದಿ 2018ರದ್ದು) ಎರಡೂ ಗುಂಪಿನ ಓದುವ ದೃಷ್ಟಿ ಹೆಚ್ಚುಕಡಿಮೆ ಸಮ. ಇಂಜೆಕ್ಷನ್ ಗುಂಪಿನಲ್ಲಿ ರೆಟಿನಾ ಕಿತ್ತು ಬರುವುದು ಕಡಿಮೆ ಇತ್ತು, ನೂರಕ್ಕೆ 6 ಕಣ್ಣು. ಲೇಸರ್ ಗುಂಪಿನಲ್ಲಿ 15. ಅಂಚಿನ ನೋಟವೂ, ವಿಶೇಷವಾಗಿ ಮೊದಲ ವರ್ಷಗಳಲ್ಲಿ, ಇಂಜೆಕ್ಷನ್‌ನಲ್ಲೇ ಚೆನ್ನಾಗಿ ಉಳಿಯಿತು. ಇಷ್ಟು ಓದಿದರೆ ಲೇಸರ್ ಯಂತ್ರ ಗುಜರಿಗೆ ಹಾಕಬಹುದು ಅನಿಸುತ್ತೆ. ಆದರೆ ಇಂಜೆಕ್ಷನ್ ಗುಂಪಿನವರು ಐದು ವರ್ಷದಲ್ಲಿ ಸರಾಸರಿ 19 ಸಲ ಚುಚ್ಚಿಸಿಕೊಂಡಿದ್ದರು. ಜೊತೆಗೆ ತಪಾಸಣೆಯ ಭೇಟಿಗಳು ಬೇರೆ. ಅದೂ ಫೋನ್ ಮಾಡಿ ನೆನಪಿಸುವ ವ್ಯವಸ್ಥೆ ಇರುವ ಅಧ್ಯಯನದಲ್ಲಿ.

ಬರದೆ ಹೋದರೆ? 2019ರಲ್ಲಿ ಫಿಲಡೆಲ್ಫಿಯಾದ ವೈದ್ಯರು ಇದನ್ನೇ ನೋಡಿದರು. ಆರು ತಿಂಗಳಿಗಿಂತ ಹೆಚ್ಚು ಕಾಲ ನಾಪತ್ತೆಯಾಗಿ ಮರಳಿ ಬಂದ ರೋಗಿಗಳ 76 ಕಣ್ಣುಗಳು. ಲೇಸರ್ ಮಾಡಿಸಿ ನಾಪತ್ತೆಯಾದವರಲ್ಲಿ ಕೊನೆಗೆ ಒಂದು ಕಣ್ಣಿನ ರೆಟಿನಾ ಎಳೆದು ಕಿತ್ತು ಬಂದಿತ್ತು. ಬರೀ ಇಂಜೆಕ್ಷನ್ ತೆಗೆದುಕೊಂಡು ನಾಪತ್ತೆಯಾದವರಲ್ಲಿ ಹತ್ತು. ಸಣ್ಣ ಅಧ್ಯಯನ, ಒಪ್ಪಿದೆ. ಆದರೂ ತರ್ಕ ಸರಳ. ಇಂಜೆಕ್ಷನ್ ಕೂಗನ್ನು ಕೆಲವು ವಾರ ಮ್ಯೂಟ್ ಮಾಡುತ್ತೆ. ಲೇಸರ್ ಕೂಗುವ ಬಾಯಿಗಳನ್ನೇ ಕಡಿಮೆ ಮಾಡುತ್ತೆ.

ಹಾಗಾಗಿ 'ಯಾವುದು ಆಧುನಿಕ' ಅನ್ನೋ ಪ್ರಶ್ನೆಗಿಂತ 'ಯಾರು ವಾಪಸ್ ಬರಬಲ್ಲರು' ಅನ್ನೋ ಪ್ರಶ್ನೆ ದೊಡ್ಡದು. ಬೆಂಗಳೂರಿನ ಟೆಕ್ಕಿಗೆ ಹೊಂದುವ ಉತ್ತರ ಮಲೇಬೆನ್ನೂರಿನ ಭತ್ತದ ರೈತನಿಗೆ ಹೊಂದಲೇಬೇಕು ಅಂತಿಲ್ಲ. ಇಬ್ಬರಿಗೂ ಇಂಜೆಕ್ಷನ್ ಸಿಗಬೇಕು, ಸಂಶಯವಿಲ್ಲ. ಆದರೆ ಮೂರನೇ ಡೋಸಿಗೆ ಬರಲಾಗದವನಿಗೆ ಬರೀ ಇಂಜೆಕ್ಷನ್ ಶುರು ಮಾಡಿಸುವುದು ಅರ್ಧ ಸೇತುವೆ ಕಟ್ಟಿಕೊಟ್ಟ ಹಾಗೆ.

ಹರಿಹರದಿಂದ ದಾವಣಗೆರೆ ಎಷ್ಟು ದೂರ?

ನಕ್ಷೆಯಲ್ಲಿ ಹದಿನಾಲ್ಕು ಕಿಲೋಮೀಟರ್ ಆಸುಪಾಸು. ಹತ್ತು ನಿಮಿಷಕ್ಕೊಂದು ಬಸ್ಸು ಅಂತ ನೀವು ಅನ್ನಬಹುದು. ಆದರೆ ರೆಟಿನಾ ನೋಡಬೇಕಾದರೆ ಕಣ್ಣಿಗೆ ಹನಿ ಹಾಕಿ ಪಾಪೆ ಅಗಲ ಮಾಡಬೇಕು. ಆಮೇಲೆ ಮೂರ್ನಾಲ್ಕು ಗಂಟೆ ಎಲ್ಲ ಮಂಜು, ಬಿಸಿಲು ಕಣ್ಣಿಗೆ ಚುಚ್ಚುತ್ತೆ. ಜೊತೆಗೆ ಒಬ್ಬರು ಬೇಕು. ಇಬ್ಬರ ಒಂದೊಂದು ದಿನದ ಕೂಲಿ ಹೋಯಿತು. ಶಕ್ತಿ ಯೋಜನೆ ಬಂದ ಮೇಲೆ ಕರೆದುಕೊಂಡು ಹೋಗುವ ಸೊಸೆಗೆ ಟಿಕೆಟ್ ಇಲ್ಲ, ಮುದುಕನಿಗೆ ಇದೆ. (ಆಸ್ಪತ್ರೆ ಚೀಟಿ ತೋರಿಸಿದ ಗಂಡಸರಿಗೂ ಉಚಿತ ಮಾಡಿ ಅಂತ ಯಾರೂ ಯಾಕೆ ಕೇಳುತ್ತಿಲ್ಲ ಗೊತ್ತಿಲ್ಲ.) ಒಂದು ಕಣ್ಣಿಗೆ ಎರಡು ಮೂರು ಸಿಟ್ಟಿಂಗ್, ಎರಡು ಕಣ್ಣು, ಆಮೇಲೆ ತಪಾಸಣೆ. ಹದಿನಾಲ್ಕು ಕಿಲೋಮೀಟರನ್ನು ಇಷ್ಟರಿಂದ ಗುಣಿಸಿ.

ನಮ್ಮ ಸಾರ್ವಜನಿಕ ಕಲ್ಪನೆಯಲ್ಲಿ ಕಣ್ಣಿನ ಆರೋಗ್ಯ ಅಂದರೆ ಶಿಬಿರ. ಅದಕ್ಕೆ ದೊಡ್ಡ ಪರಂಪರೆ ಇದೆ. ಊರೂರಿಗೆ ಹೋಗಿ ಪೊರೆ ತೆಗೆದ ಡಾ. ಎಂ.ಸಿ. ಮೋದಿ ಅವರ ಹೆಸರಿನ ವೃತ್ತವೇ ದಾವಣಗೆರೆಯಲ್ಲಿದೆ. ಒಂದೇ ದಿನ 833 ಪೊರೆ ಆಪರೇಷನ್ ಮಾಡಿದ ದಾಖಲೆ ಅವರದ್ದು. ಪೊರೆಗೆ ಆ ಮಾದರಿ ಅದ್ಭುತವಾಗಿ ಹೊಂದುತ್ತಿತ್ತು. ತೆಗೆದರೆ ಮರುದಿನವೇ ಬೆಳಕು, ಜನರ ಕಣ್ಣೀರು, ಚಪ್ಪಾಳೆ. ರೆಟಿನೋಪತಿ ಇದರ ತದ್ವಿರುದ್ಧ. ರೋಗಿಗೆ ಮೊದಲು ಯಾವ ತೊಂದರೆಯೂ ಕಾಣಲ್ಲ, ಚಿಕಿತ್ಸೆಯ ಮರುದಿನ ಮೊದಲಿಗಿಂತ ಮಂದ, ಫಲ ಸಿಗೋದು ಹತ್ತು ವರ್ಷದಲ್ಲಿ. ಅದೂ 'ಏನೂ ಆಗಲಿಲ್ಲ' ಅನ್ನೋ ರೂಪದಲ್ಲಿ. ಏನೂ ಆಗದೇ ಇದ್ದದ್ದರ ಫೋಟೋ ತೆಗೆದು ಬ್ಯಾನರ್ ಹಾಕಿಸೋಕೆ ಯಾವ ಶಾಸಕರಿಗೂ ಬರಲ್ಲ.

ಆದ್ದರಿಂದಲೇ ಲೆಕ್ಕ ಕೇಳುವ ಕೆಲಸ ನಮ್ಮ ಮೇಲೆ ಬೀಳುತ್ತೆ. 2023ರ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ ಮಧುಮೇಹಿಗಳು ಹತ್ತು ಕೋಟಿ. 2022ರಲ್ಲಿ ಪ್ರಕಟವಾದ ಸ್ಮಾರ್ಟ್ ಇಂಡಿಯಾ ಅಧ್ಯಯನದ ಪ್ರಕಾರ, 40 ದಾಟಿದ ಮಧುಮೇಹಿಗಳಲ್ಲಿ ನೂರಕ್ಕೆ 12 ಮಂದಿಗೆ ರೆಟಿನೋಪತಿ, 4 ಮಂದಿಗೆ ದೃಷ್ಟಿಯನ್ನೇ ಕಿತ್ತುಕೊಳ್ಳಬಲ್ಲ ಹಂತ. ಜಿಲ್ಲೆಯಲ್ಲಿ ಎಷ್ಟು ಜನರಿಗೆ ಶುಗರ್ ಟೆಸ್ಟ್ ಆಯಿತು, ಎಷ್ಟು ಕನ್ನಡಕ ಹಂಚಿದರು ಅನ್ನೋದು ಪ್ರೆಸ್‌ನೋಟಿನಲ್ಲಿ ಬರುತ್ತೆ. ನನಗೆ ಬೇಕಿರೋ ಅಂಕಿ ಬೇರೆ. ಲೇಸರ್ ಬೇಕು ಅಂತ ಬರೆದುಕೊಟ್ಟವರಲ್ಲಿ ಎಷ್ಟು ಜನ ಕೊನೆಯ ಸಿಟ್ಟಿಂಗ್ ಮುಗಿಸಿದರು? ಬರದೇ ಇದ್ದವರ ಮನೆಗೆ ಆಶಾ ಕಾರ್ಯಕರ್ತೆಯನ್ನು ಕಳಿಸಿದರಾ, ಕಳಿಸಿದ್ದಕ್ಕೆ ಆಕೆಗೆ ಪ್ರೋತ್ಸಾಹಧನ ಕೊಟ್ಟರಾ? ದಾವಣಗೆರೆಯಲ್ಲಿ ಮೆಡಿಕಲ್ ಕಾಲೇಜುಗಳಿವೆ, ಚಿಗಟೇರಿ ಜಿಲ್ಲಾಸ್ಪತ್ರೆ ಇದೆ. ಡಾಕ್ಟರೇ ಇಲ್ಲದ ಊರಿನ ಕಥೆಯಲ್ಲ ಇದು, ಎರಡನೇ ಭೇಟಿಯನ್ನು ಯಾರೂ ಎಣಿಸದ ಊರಿನ ಕಥೆ.

ದುಡ್ಡಿನ ವಿಷಯ ಹೇಳಿಬಿಡುತ್ತೇನೆ. ಆಯುಷ್ಮಾನ್ ಭಾರತ್ ಚಿಕಿತ್ಸಾ ಪಟ್ಟಿಯಲ್ಲಿ ರೆಟಿನಾ ಲೇಸರ್ ಇದೆ. ನಮ್ಮ ರಾಜ್ಯದ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡಿನವರಿಗೆ ಪೂರ್ತಿ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ನೂರಕ್ಕೆ 30 ಭಾಗವನ್ನು ಸರ್ಕಾರ ಭರಿಸುತ್ತೆ. ಖಾಸಗಿ ಕಡೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ಕೌಂಟರಿನಲ್ಲಿ ಕಾರ್ಡು ಕೊಟ್ಟು ರೆಫರಲ್ ಕೇಳಿ.

ಇದೆಲ್ಲ ವಯಸ್ಸಾದವರ ಕಥೆ ಅಂದುಕೊಂಡು ಸ್ಕ್ರೋಲ್ ಮಾಡಬೇಡಿ. ನನಗೆ 36. ಹೋದ ವರ್ಷ ಶುಗರ್ ಪತ್ತೆಯಾಯಿತು. ಟೈಪ್ 2 ಗೊತ್ತಾದ ದಿನವೇ ರೆಟಿನಾ ನೋಡಿಸಬೇಕು, ಆಮೇಲೆ ವರ್ಷಕ್ಕೊಮ್ಮೆ. ಯಾಕಂದ್ರೆ ಕಾಯಿಲೆ ಎಷ್ಟು ವರ್ಷದಿಂದ ಒಳಗೆ ಕೂತಿತ್ತೋ ಯಾರಿಗೂ ಗೊತ್ತಿರಲ್ಲ. ಟೈಪ್ 1 ಇರುವವರು ಐದು ವರ್ಷದೊಳಗೆ ಶುರು ಮಾಡಬೇಕು, ಮಧುಮೇಹ ಇರುವ ಹೆಂಗಸರು ಗರ್ಭಿಣಿಯಾದರೆ ಮೊದಲ ತಿಂಗಳುಗಳಲ್ಲೇ. ಕನ್ನಡಕದ ಅಂಗಡಿಯಲ್ಲಿ ನಂಬರ್ ನೋಡಿಸಿದ್ದು ಇದಕ್ಕೆ ಲೆಕ್ಕಕ್ಕಿಲ್ಲ. ಹನಿ ಹಾಕಿ ಅಥವಾ ಫಂಡಸ್ ಕ್ಯಾಮೆರಾದಲ್ಲಿ ಫೋಟೋ ತೆಗೆದು ನೋಡಬೇಕು. ನನ್ನದು ಸದ್ಯಕ್ಕೆ ಸ್ವಚ್ಛವಾಗಿದೆ.

ದೊಡ್ಡಪ್ಪನಿಗೆ ಆ ಹಳೆಯ ಅಧ್ಯಯನದ ಕಥೆ ಹೇಳಿದೆ, ಒಂದು ಕಣ್ಣಿಗೆ ಮಾಡಿ ಇನ್ನೊಂದನ್ನು ಬಿಟ್ಟಿದ್ದು. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಅವತ್ತು ಇಷ್ಟು ಹೇಳಿದ್ರೆ ಹೋಗ್ತಿದ್ದೆ ಕಣೋ" ಅಂದರು. ಬಲಗಣ್ಣಿನ ಮುಂದಿನ ತಪಾಸಣೆ ಬರುವ ತಿಂಗಳ ಎರಡನೇ ಮಂಗಳವಾರ. ಅಣ್ಣನಿಗೆ ಅವತ್ತು ರಜ ಸಿಗಲ್ಲವಂತೆ, ನಾನೇ ಹರಿಹರಕ್ಕೆ ಹೋಗಿ ಕರೆದುಕೊಂಡು ಬರ್ತೀನಿ.